ಬೆಳಗುವ ನಾಮಫಲಕ: ಕಾಣುವ ಬೆಳಕು, ಕಾಣದ ಕೆಲಸ

(ಸಂಸ್ಥೆಯ ಉದ್ಯೋಗ ಮಾರ್ಗದರ್ಶನ ಶಿಬಿರದಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಐ.ಟಿ.ಐ. ವಿದ್ಯಾರ್ಥಿಗಳು ಹಾಗೂ ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)





ಉರ್ದು, ಕನ್ನಡ ಕಲಿಸುವ ಶಿಕ್ಷಕನಿಗೂ ಅಂಗಡಿಯ ದೀಪದ ಬೋರ್ಡಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ಬೋರ್ಡುಗಳನ್ನು ತಯಾರಿಸುವ ಕೆಲಸದಲ್ಲಿದ್ದಾರೆ. ಕನ್ನಡದ ಒತ್ತಕ್ಷರ ಸರಿಯಿದೆಯೇ, ಉರ್ದುವಿನ ನುಖ್ತಾ ತನ್ನ ಸ್ಥಾನದಲ್ಲಿದೆಯೇ ಎಂದು ತೋರಿಸಿಕೊಂಡು ಹೋಗಲು ಬರುತ್ತಾರೆ. ಅಕ್ಷರ ತಿದ್ದಲು ಅವರ ಕಾರ್ಯಾಗಾರಗಳಿಗೆ ನಾನೂ ಹೋಗುವುದುಂಟು. ಅಲ್ಲಿ ಕಂಡದ್ದು, ಕೇಳಿದ್ದು, ಆ ಮೇಲೆ ಓದಿ ತಿಳಿದದ್ದು ಇವುಗಳನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಬೆಳಗುವ ನಾಮಫಲಕದ ಗುಣಮಟ್ಟ ಅದರ ಮುಖದಲ್ಲಿಲ್ಲ, ಹೊಟ್ಟೆಯಲ್ಲಿದೆ. ತೂಗುಹಾಕಿದ ಮೊದಲ ದಿನ ಎಲ್ಲ ಬೋರ್ಡುಗಳೂ ಚೆಂದ. ಎರಡು ಮಳೆಗಾಲ, ಎರಡು ಬೇಸಿಗೆ ಕಳೆದ ಮೇಲೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತಿಳಿಯುತ್ತದೆ. ಅಷ್ಟರಲ್ಲಿ ವ್ಯಾಪಾರಿಯ ಹಣ ಹೋಗಿರುತ್ತದೆ. ಸಾಲ ಮಾಡಿ ಅಂಗಡಿ ತೆರೆದವನಿಗೆ ಅದು ಸಣ್ಣ ನಷ್ಟವಲ್ಲ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಏಣಿಯ ಮೇಲೆ ನಿಂತು ಆ ಬೋರ್ಡನ್ನು ಕೂರಿಸುವ ಹುಡುಗ ನಮ್ಮ ಮನೆಯ ಹುಡುಗನೇ ಆಗಿರುತ್ತಾನೆ.

ನಿಯಾನ್‌ನಿಂದ ಎಲ್‌ಇಡಿವರೆಗೆ

ಮೊದಲು ಸ್ವಲ್ಪ ಚರಿತ್ರೆ ನೋಡೋಣ. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆ ಮತ್ತು ಮಾರಿಸ್ ಟ್ರ್ಯಾವರ್ಸ್ ಎಂಬ ವಿಜ್ಞಾನಿಗಳು ಗಾಳಿಯಲ್ಲಿ ಬಹಳ ಅಲ್ಪ ಪ್ರಮಾಣದಲ್ಲಿರುವ ಒಂದು ಅನಿಲವನ್ನು ಕಂಡುಹಿಡಿದರು. ಅದಕ್ಕೆ ನಿಯಾನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ‘ಹೊಸದು’ ಎಂದರ್ಥ. ಫ್ರಾನ್ಸಿನ ಜಾರ್ಜ್ ಕ್ಲಾಡ್ ಎಂಬವರು ಆ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿಸಿ, 1910ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಬೆಳಗಿಸಿ ತೋರಿಸಿದರು. ನಿಯಾನ್ ಕೊಡುವ ಬಣ್ಣ ಕಿತ್ತಳೆ ಮಿಶ್ರಿತ ಕೆಂಪು ಮಾತ್ರ. ನೀಲಿ ಮುಂತಾದ ಬಣ್ಣಗಳಿಗೆ ಆರ್ಗಾನ್ ಅನಿಲದ ಜೊತೆ ಪಾದರಸದ ಹನಿ ಸೇರಿಸಿ, ಕೊಳವೆಯ ಒಳಗೆ ಲೇಪ ಹಚ್ಚುತ್ತಾರೆ. ಗಾಜಿನ ಕೊಳವೆಯನ್ನು ಬೆಂಕಿಯ ಜ್ವಾಲೆಯ ಮೇಲೆ ಕಾಯಿಸಿ, ಕೈಯಿಂದಲೇ ಅಕ್ಷರದ ಆಕಾರಕ್ಕೆ ಬಗ್ಗಿಸಬೇಕು. ಅದನ್ನು ಬೆಳಗಿಸಲು ಸಾವಿರಾರು ವೋಲ್ಟ್ ಬೇಕು. ಈಗ ಬಜಾರಿನಲ್ಲಿ ‘ನಿಯಾನ್’ ಎಂದು ಮಾರುವ ಮೃದುವಾದ, ಹಗ್ಗದಂತೆ ಬಾಗುವ ದೀಪದಲ್ಲಿ ನಿಯಾನ್ ಅನಿಲ ಇರುವುದಿಲ್ಲ. ಅದು ಸಿಲಿಕೋನಿನ ಒಳಗೆ ಕೂರಿಸಿದ ಎಲ್‌ಇಡಿ ಪಟ್ಟಿ.

ಆ ಮೇಲೆ ನಮ್ಮ ಊರುಗಳಲ್ಲಿ ಟ್ಯೂಬ್‌ಲೈಟಿನ ಪೆಟ್ಟಿಗೆ ಬೋರ್ಡುಗಳು ಬಂದವು. ಕಬ್ಬಿಣದ ಪೆಟ್ಟಿಗೆ, ಒಳಗೆ ನಾಲ್ಕು ಅಡಿಯ ಟ್ಯೂಬುಗಳು, ಮುಂದೆ ಅಕ್ರಿಲಿಕ್ ಹಾಳೆ ಅಥವಾ ಬಿಗಿಯಾಗಿ ಎಳೆದು ಕಟ್ಟಿದ ಫ್ಲೆಕ್ಸ್. ಟ್ಯೂಬ್ ಇದ್ದಲ್ಲಿ ಬೆಳಕಿನ ಪಟ್ಟೆ, ಎರಡು ಟ್ಯೂಬುಗಳ ನಡುವೆ ನೆರಳಿನ ಪಟ್ಟೆ. ನಿಮ್ಮಲ್ಲಿ ಹಿರಿಯರಾದವರಿಗೆ ಅದು ನೆನಪಿರಬಹುದು. ಫ್ಲೆಕ್ಸ್ ಬಳಕೆಗೆ ಕರ್ನಾಟಕ ಸರ್ಕಾರ 2016ರ ಮಾರ್ಚಿನ ಪ್ಲಾಸ್ಟಿಕ್ ನಿಷೇಧದಲ್ಲಿ ಕಡಿವಾಣ ಹಾಕಿತು. 2018ರಲ್ಲಿ ರಾಜ್ಯ ಹೈಕೋರ್ಟ್ ಕಟ್ಟುನಿಟ್ಟಾಗಿ ಸೂಚಿಸಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸುಗಳನ್ನು ದೊಡ್ಡ ಪ್ರಮಾಣದಲ್ಲಿ ತೆರವು ಮಾಡಲಾಯಿತು.

ಮೂರನೆಯದು ಎಲ್‌ಇಡಿ. ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಇದ್ದರೂ ಪ್ರಕಾಶಮಾನವಾದ ನೀಲಿ ಎಲ್‌ಇಡಿ ಸಿದ್ಧವಾದದ್ದು 1990ರ ದಶಕದಲ್ಲಿ. ಅದಕ್ಕಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಾದ ಅಕಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ನಾವು ಇಂದು ನೋಡುವ ಬಿಳಿ ಎಲ್‌ಇಡಿ ಸಾಮಾನ್ಯವಾಗಿ ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಲೇಪವಿರುತ್ತದೆ. ನೀಲಿ, ಹಳದಿ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ಲೇಪ ಕಳಪೆಯಾಗಿದ್ದರೆ ಕೆಲವು ತಿಂಗಳಲ್ಲೇ ಬೋರ್ಡಿನ ಒಂದು ಮೂಲೆ ನೀಲಿಯಾಗಿಯೂ ಇನ್ನೊಂದು ಮೂಲೆ ಹಳದಿಯಾಗಿಯೂ ತೋರುತ್ತದೆ.

ಫಲಕದ ಅಂಗಾಂಗಗಳು

ಇಂದಿನ ಬೋರ್ಡುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಪೆಟ್ಟಿಗೆ ಬೋರ್ಡು. ಇಡೀ ಮುಖವೇ ಬೆಳಗುತ್ತದೆ. ಎರಡನೆಯದು ಬಿಡಿ ಅಕ್ಷರದ ಬೋರ್ಡು. ಪ್ರತಿಯೊಂದು ಅಕ್ಷರವೂ ಒಂದು ಪುಟ್ಟ ಪೆಟ್ಟಿಗೆ. ಅದರ ಮುಖ ಅಕ್ರಿಲಿಕ್, ಪಕ್ಕದ ಗೋಡೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಒಳಗೆ ಎಲ್‌ಇಡಿ. ಮೂರನೆಯದು ಹಿಂಬದಿಗೆ ಬೆಳಕು ಬೀಳುವ ಅಕ್ಷರ. ಅಕ್ಷರದ ಮುಖ ಲೋಹದ್ದು. ಅದು ಗೋಡೆಯಿಂದ ಒಂದೆರಡು ಇಂಚು ಮುಂದೆ ನಿಂತಿರುತ್ತದೆ, ಬೆಳಕು ಗೋಡೆಗೆ ತಾಗಿ ಅಕ್ಷರದ ಸುತ್ತ ಪ್ರಭಾವಳಿಯಂತೆ ಕಾಣುತ್ತದೆ. ಇದಕ್ಕೆ ಹಿಂದಿನ ಗೋಡೆ ತಿಳಿಬಣ್ಣದ್ದೂ ಹೊಳಪಿಲ್ಲದ್ದೂ ಆಗಿರಬೇಕು. ಹೊಳೆಯುವ ಗ್ರಾನೈಟಿನ ಮೇಲೆ ಕೂರಿಸಿದರೆ ಪ್ರಭಾವಳಿ ಬರುವುದಿಲ್ಲ, ಕನ್ನಡಿಯಲ್ಲಿ ಕಂಡಂತೆ ಎಲ್‌ಇಡಿಯ ಚುಕ್ಕಿಗಳೇ ಕಾಣುತ್ತವೆ.

ಹಿನ್ನೆಲೆಗೆ ಹೆಚ್ಚಾಗಿ ಬಳಸುವುದು ಎ.ಸಿ.ಪಿ. ಹಾಳೆ. ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ಕಿನ ತಿರುಳು. ಅಗ್ಗದ ಹಾಳೆಯಲ್ಲಿ ಆ ತಿರುಳು ಶುದ್ಧ ಪಾಲಿಥೀನ್, ಅಂದರೆ ಉರಿಯುವ ವಸ್ತು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತಾಗ, ಬೆಂಕಿ ಅಷ್ಟು ವೇಗವಾಗಿ ಹಬ್ಬಲು ಮುಖ್ಯ ಕಾರಣವಾದದ್ದು ಹೊರಗೋಡೆಗೆ ಹೊದಿಸಿದ್ದ ಇಂತಹ ಪಾಲಿಥೀನ್ ತಿರುಳಿನ ಹಾಳೆಗಳು. ಬೆಂಕಿ ತಡೆಯುವ ದರ್ಜೆಯ ಎ.ಸಿ.ಪಿ. ಹಾಳೆಗಳು ದೊರೆಯುತ್ತವೆ. ವಿದ್ಯುತ್ ತಂತಿ ಹಾಯುವ ಬೋರ್ಡಿಗೆ ಅದನ್ನೇ ಕೇಳಿ ಹಾಕಿಸುವುದು ಜಾಣತನ.

ಸ್ಟೀಲಿನ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಅಂಗಡಿಯವರು ಅಯಸ್ಕಾಂತ ಹಿಡಿದು, ‘ನೋಡಿ, ಅಂಟುವುದಿಲ್ಲ, ಇದು 304 ದರ್ಜೆಯ ಸ್ಟೀಲ್’ ಎನ್ನುತ್ತಾರೆ. ಅಗ್ಗದ 202 ದರ್ಜೆಯೂ ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಆದ್ದರಿಂದ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ 202 ಬೇಗ ತುಕ್ಕಿನ ಕಲೆ ಹಿಡಿಯುತ್ತದೆ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ದಾರಿ.

ಬೆಳಕು ಸಮನಾಗಿ ಹರಡುವುದು ಹೇಗೆ?

ಕೆಲವು ಬೋರ್ಡುಗಳಲ್ಲಿ ಅಕ್ಷರದ ಮುಖದ ಮೇಲೆ ಒಳಗಿನ ದೀಪದ ಚುಕ್ಕಿಗಳು ಎದ್ದು ಕಾಣುತ್ತವೆ. ಇದಕ್ಕೆ ಕಾರಣ ದೀಪ ಕಡಿಮೆಯಾದದ್ದೋ ಆಳ ಕಡಿಮೆಯಾದದ್ದೋ ಆಗಿರುತ್ತದೆ. ಸಾಮಾನ್ಯ ಎಲ್‌ಇಡಿ ಮಾಡ್ಯೂಲುಗಳಿಗೆ ಕುಶಲಕರ್ಮಿಗಳು ಪಾಲಿಸುವ ನಿಯಮ ಇಷ್ಟೇ: ದೀಪದಿಂದ ಮುಖದವರೆಗೆ ಎಷ್ಟು ಆಳವಿದೆಯೋ, ಒಂದು ಮಾಡ್ಯೂಲಿನಿಂದ ಇನ್ನೊಂದಕ್ಕೆ ಅದಕ್ಕಿಂತ ಹೆಚ್ಚು ದೂರ ಇರಬಾರದು. ಆಳ ಐದು ಇಂಚಾದರೆ ಅಂತರವೂ ಐದು ಇಂಚು. ಬೆಳಕನ್ನು ಅಗಲವಾಗಿ ಚೆಲ್ಲುವ ಮಸೂರವುಳ್ಳ ಮಾಡ್ಯೂಲಾದರೆ ಅಂತರ ಹೆಚ್ಚಿಸಬಹುದು. ಎಷ್ಟು ಎಂಬುದನ್ನು ತಯಾರಕರ ಕೋಷ್ಟಕ ಹೇಳುತ್ತದೆ.

ಹತ್ತು ಅಡಿ ಉದ್ದ, ಮೂರು ಅಡಿ ಎತ್ತರ, ಐದು ಇಂಚು ಆಳದ ಒಂದು ಪೆಟ್ಟಿಗೆ ಬೋರ್ಡನ್ನು ಕಲ್ಪಿಸಿಕೊಳ್ಳಿ. ಉದ್ದಕ್ಕೆ 120 ಇಂಚು, ಅಂದರೆ 24 ಮಾಡ್ಯೂಲು. ಎತ್ತರಕ್ಕೆ 36 ಇಂಚು, ಅಂದರೆ 7 ಸಾಲು. ಒಟ್ಟು 168 ಮಾಡ್ಯೂಲು. ದರ ಇಳಿಸಬೇಕೆಂದು ಗಿರಾಕಿ ಜಗ್ಗಾಡಿದಾಗ ಮೊದಲು ಕಡಿಮೆಯಾಗುವುದು ಈ ಸಂಖ್ಯೆ. 168 ಇರಬೇಕಾದಲ್ಲಿ 100 ಕೂರಿಸಿದರೆ ಹಗಲಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ರಾತ್ರಿ ಬೋರ್ಡಿಗೆ ಸಿಡುಬಿನ ಕಲೆ.

ಪೆಟ್ಟಿಗೆಯ ಒಳಗಡೆ ಬಿಳಿ ಬಣ್ಣ ಬಳಿಯಬೇಕು. ಚದರಿದ ಬೆಳಕು ಮತ್ತೆ ಮುಖದ ಕಡೆಗೆ ಹೋಗುತ್ತದೆ. ಮುಖಕ್ಕೆ ಪಾರದರ್ಶಕ ಹಾಳೆಯಲ್ಲ, ಹಾಲುಬಿಳಿ ಅಕ್ರಿಲಿಕ್ ಬೇಕು. ಅಕ್ಷರ ಕೆಂಪಾಗಿ ಬೆಳಗಬೇಕಾದರೆ ಕೆಂಪು ಮುಖಕ್ಕೆ ಕೆಂಪು ಎಲ್‌ಇಡಿ ಹಾಕುವುದು ಒಳ್ಳೆಯದು. ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಪಾಲು ಕಡಿಮೆ, ಆದ್ದರಿಂದ ಹೆಚ್ಚಿನ ಬೆಳಕು ಕೆಂಪು ಹಾಳೆಯಲ್ಲೇ ನಿಂತುಹೋಗುತ್ತದೆ. ಹಾಗೆಯೇ ಒಂದು ಬೋರ್ಡಿಗೆ ಬೇಕಾದ ಅಷ್ಟೂ ಮಾಡ್ಯೂಲುಗಳನ್ನು ಒಂದೇ ಸಲ, ಒಂದೇ ಕಂತಿನಿಂದ ಕೊಳ್ಳಬೇಕು. ಬೇರೆ ಬೇರೆ ಕಂತಿನ ಬಿಳಿಗಳು ಪಕ್ಕಪಕ್ಕದಲ್ಲಿ ಬೇರೆಯಾಗಿಯೇ ಕಾಣುತ್ತವೆ.

ವಿದ್ಯುತ್ತಿನ ಲೆಕ್ಕ

ವಿದ್ಯಾರ್ಥಿ ಮಿತ್ರರೆ, ಹತ್ತನೇ ತರಗತಿಯ ಓಮನ ನಿಯಮ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನೀವು ಕೇಳುತ್ತೀರಲ್ಲ, ಅದು ಇಲ್ಲಿದೆ.

ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು. ಒಂದು ಮಾಡ್ಯೂಲಿನಲ್ಲಿ ಮೂರನ್ನು ಸಾಲಾಗಿ ಜೋಡಿಸಿ, ಉಳಿದ ವೋಲ್ಟೇಜಿಗೆ ಒಂದು ರೋಧಕ ಇಟ್ಟು, 12 ವೋಲ್ಟಿಗೆ ಸರಿಹೊಂದಿಸುತ್ತಾರೆ. ಮನೆಯ 230 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆಯೇ ಎಸ್.ಎಂ.ಪಿ.ಎಸ್. ನಮ್ಮ 168 ಮಾಡ್ಯೂಲುಗಳು ತಲಾ 0.72 ವ್ಯಾಟಿನವು ಎಂದುಕೊಳ್ಳಿ. ಒಟ್ಟು ಸುಮಾರು 121 ವ್ಯಾಟ್. 12ರಿಂದ ಭಾಗಿಸಿದರೆ ಸುಮಾರು 10 ಆಂಪಿಯರ್. ‘121 ವ್ಯಾಟಿಗೆ 125 ವ್ಯಾಟಿನ ಸಪ್ಲೈ ಸಾಕು’ ಎನ್ನುವವರು ಕೆಲಸ ಬಲ್ಲವರಲ್ಲ. ಸಪ್ಲೈ ಮೇಲೆ ಅದರ ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ಹೊರೆ ಹಾಕಬಾರದು. 121ನ್ನು 0.8ರಿಂದ ಭಾಗಿಸಿದರೆ 151 ವ್ಯಾಟ್. ಆದ್ದರಿಂದ 200 ವ್ಯಾಟಿನದು ಒಂದು, ಅಥವಾ 100 ವ್ಯಾಟಿನವು ಎರಡು ಬೇಕು. ಎರಡು ಹಾಕಿದರೆ ಇನ್ನೊಂದು ಲಾಭ: ಒಂದು ಕೆಟ್ಟರೂ ಅರ್ಧ ಬೋರ್ಡು ಬೆಳಗುತ್ತಿರುತ್ತದೆ.

ಎರಡನೆಯ ಲೆಕ್ಕ ತಂತಿಯದು. ಸಪ್ಲೈ ಅಂಗಡಿಯ ಒಳಗಿದೆ, ಬೋರ್ಡಿಗೆ ಐದು ಮೀಟರ್ ದೂರ. ಹೋಗಿ ಬರುವ ತಂತಿ ಸೇರಿ ಹತ್ತು ಮೀಟರ್. 1.5 ಚದರ ಮಿ.ಮೀ. ತಾಮ್ರದ ತಂತಿಗೆ ಇಷ್ಟು ಉದ್ದದಲ್ಲಿ ಸುಮಾರು 0.12 ಓಮ್ ರೋಧ. ಹತ್ತು ಆಂಪಿಯರ್ ಹರಿದರೆ 1.2 ವೋಲ್ಟ್ ದಾರಿಯಲ್ಲೇ ನಷ್ಟ. ಅಂದರೆ ಬೋರ್ಡಿಗೆ ತಲುಪುವುದು 10.8 ವೋಲ್ಟ್ ಮಾತ್ರ. ಅದರ ಮೇಲೆ ಎಲ್ಲ ಮಾಡ್ಯೂಲುಗಳನ್ನು ಒಂದೇ ಸರಪಳಿಯಾಗಿ ಜೋಡಿಸಿದ್ದರೆ ಕೊನೆಯ ಅಕ್ಷರಗಳು ಇನ್ನೂ ಮಂಕು. ಇದೇ ತಂತಿಯನ್ನು ಎರಡು ಜೊತೆಯಾಗಿ ಎಳೆದು, ಅರ್ಧರ್ಧ ಬೋರ್ಡಿಗೆ ಕೊಟ್ಟರೆ ನಷ್ಟವೂ ಅರ್ಧ. ಅಂಗಡಿಯ ಹೆಸರಿನ ಮೊದಲ ಅಕ್ಷರ ಹೊಳೆದು, ಕೊನೆಯ ಅಕ್ಷರ ಬಾಡಿದ್ದರೆ, ಆ ಬೋರ್ಡು ಮಾಡಿದವರು ಈ ಲೆಕ್ಕ ಮಾಡಿಲ್ಲ ಎಂದು ತಿಳಿಯಿರಿ.

‘ಎಲ್‌ಇಡಿಗೆ 50,000 ಗಂಟೆ ಆಯುಸ್ಸು’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ದಿನಕ್ಕೆ ಆರು ಗಂಟೆಯಂತೆ ಅದು ಇಪ್ಪತ್ತೆರಡು ವರ್ಷಕ್ಕಿಂತ ಹೆಚ್ಚಾಯಿತು. ಆ ಅಂಕಿಯ ಸಾಮಾನ್ಯ ಅರ್ಥ, ಅಷ್ಟು ಗಂಟೆಗಳ ನಂತರ ಬೆಳಕು ಮೊದಲಿನ ಶೇ. 70ಕ್ಕೆ ಇಳಿಯುತ್ತದೆ ಎಂದು. ಅದೂ ದೀಪ ತಂಪಾಗಿದ್ದರೆ ಮಾತ್ರ. ಬೋರ್ಡಿನಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ದೀಪವಲ್ಲ, ಸಪ್ಲೈ. ಅದರೊಳಗಿನ ಕೆಪಾಸಿಟರುಗಳ ಆಯುಸ್ಸು ಪ್ರತಿ ಹತ್ತು ಡಿಗ್ರಿ ಬಿಸಿ ಏರಿದಂತೆ ಸುಮಾರು ಅರ್ಧವಾಗುತ್ತಾ ಹೋಗುತ್ತದೆ. ಆದ್ದರಿಂದ ಸಪ್ಲೈಯನ್ನು ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ತುರುಕದೆ, ನೆರಳಿನಲ್ಲಿ, ಗಾಳಿಯಾಡುವಲ್ಲಿ, ಕೈಗೆ ಸಿಗುವ ಎತ್ತರದಲ್ಲಿ ಇಡಬೇಕು.

ಒಳ್ಳೆಯ ಕೆಲಸ ವಿದ್ಯುತ್ ಬಿಲ್ಲಿನಲ್ಲೂ ಕಾಣುತ್ತದೆ. ಇದೇ ಅಳತೆಯ ಹಳೆಯ ಪೆಟ್ಟಿಗೆಯಲ್ಲಿ 40 ವ್ಯಾಟಿನ ಎಂಟು ಟ್ಯೂಬುಗಳಿದ್ದರೆ, ಚೋಕಿನ ನಷ್ಟ ಸೇರಿ ಸುಮಾರು 400 ವ್ಯಾಟ್. ಆರು ಗಂಟೆಗೆ 2.4 ಯೂನಿಟ್. ಎಲ್‌ಇಡಿ ಬೋರ್ಡಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ತೆಗೆದ ಹಳೆಯ ಟ್ಯೂಬುಗಳನ್ನು ಮಾತ್ರ ಒಡೆದು ತಿಪ್ಪೆಗೆ ಹಾಕಬೇಡಿ. ಅದರಲ್ಲಿ ಪಾದರಸವಿದೆ. ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ.

ಮಳೆ, ಬಿಸಿಲು, ಗಾಳಿ

ಮಾಡ್ಯೂಲಿನ ಮೇಲೆ ಐಪಿ 65, ಐಪಿ 67 ಎಂದು ಬರೆದಿರುತ್ತದೆ. ಮೊದಲ ಅಂಕಿ 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ ಎಂದರ್ಥ. ಎರಡನೆಯ ಅಂಕಿ 5 ಎಂದರೆ ಚಿಮ್ಮುವ ನೀರನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಾಳುತ್ತದೆ. ಆದರೆ ಮಾಡ್ಯೂಲು ಎಷ್ಟೇ ಗಟ್ಟಿಯಿದ್ದರೂ ಅದನ್ನು ಜೋಡಿಸಿದ ತಂತಿಯ ಗಂಟು ಬರಿಯ ಟೇಪು ಸುತ್ತಿದ್ದಾದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಪೆಟ್ಟಿಗೆಯನ್ನು ಎಲ್ಲ ಕಡೆ ಮುಚ್ಚಿಬಿಟ್ಟರೆ ನೀರು ಬಾರದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಗಲು ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಎಲ್ಲಿಂದಲೋ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ತೇವ ಒಳಗೆ ಹನಿಗಟ್ಟುತ್ತದೆ. ಆದ್ದರಿಂದ ಮೇಲೆ, ಪಕ್ಕಗಳಲ್ಲಿ ಭದ್ರವಾಗಿ ಮುಚ್ಚಿ, ತಳದಲ್ಲಿ ಸಣ್ಣ ರಂಧ್ರಗಳನ್ನು ಬಿಡಬೇಕು. ಬಂದ ನೀರು ಹೋಗಲು ದಾರಿಯಿರಬೇಕು. ತಂತಿಯೂ ಪೆಟ್ಟಿಗೆಯನ್ನು ಸೇರುವ ಮೊದಲು ಸ್ವಲ್ಪ ಕೆಳಗೆ ಬಾಗಿ ಮೇಲೇರಬೇಕು. ಆಗ ಮಳೆಹನಿ ಬಾಗಿದಲ್ಲೇ ಉದುರಿಹೋಗುತ್ತದೆ. ಅಂಟಿಸಲು ಬಳಸುವ ಸಿಲಿಕೋನ್ ವಿನೆಗರ್ ವಾಸನೆ ಬರುವಂಥದ್ದಾದರೆ ಅದರಿಂದ ಹೊರಡುವ ಆಮ್ಲ ತಾಮ್ರವನ್ನು, ದೀಪದ ಸಂಪರ್ಕಗಳನ್ನು ತಿನ್ನುತ್ತದೆ. ಆ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನನ್ನೇ ಕೇಳಬೇಕು.

ಇನ್ನು ಬಿಸಿಲು. ಎಂಟು ಅಡಿ ಉದ್ದದ ಅಕ್ರಿಲಿಕ್ ಹಾಳೆ ನಲವತ್ತು ಡಿಗ್ರಿ ಬಿಸಿ ಏರಿದಾಗ ಸುಮಾರು 7 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ ಹಿಗ್ಗುವುದು 2 ಮಿ.ಮೀ.ಗೆ ಸ್ವಲ್ಪ ಹೆಚ್ಚು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಈ ವ್ಯತ್ಯಾಸ ದಿನವೂ ಬರುತ್ತದೆ. ಸ್ಕ್ರೂ ಬಿಗಿಯಾಗಿ ಹಾಕಿದ್ದರೆ ಹಾಳೆಗೆ ಹಿಗ್ಗಲು ಜಾಗವಿಲ್ಲದೆ ಅದು ಉಬ್ಬುತ್ತದೆ ಅಥವಾ ರಂಧ್ರದಿಂದಲೇ ಸೀಳುತ್ತದೆ. ಸ್ಕ್ರೂವಿಗಿಂತ ರಂಧ್ರ ದೊಡ್ಡದಿರಬೇಕು, ಅಂಚಿನಲ್ಲಿ ಜಾಗ ಬಿಡಬೇಕು.

ಗಾಳಿಯ ಬಲವನ್ನು ನಾವು ಬಹಳ ಕಡಿಮೆ ಅಂದಾಜು ಮಾಡುತ್ತೇವೆ. ಭಾರತೀಯ ಮಾನಕದ ಪ್ರಕಾರ ಬೆಂಗಳೂರಿಗೆ ಲೆಕ್ಕಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. 33 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 66 ಕೆ.ಜಿ. ಭಾರದಷ್ಟು ಒತ್ತುತ್ತದೆ. ನಮ್ಮ ಹತ್ತು ಅಡಿ, ಮೂರು ಅಡಿಯ ಬೋರ್ಡಿನ ಮೇಲೆ ಅದು ಸುಮಾರು 185 ಕೆ.ಜಿ. ಮಂಗಳೂರಿನ ವೇಗಕ್ಕೆ 250 ಕೆ.ಜಿ.ಗಿಂತ ಹೆಚ್ಚು. ಸಡಿಲ ಇಟ್ಟಿಗೆಗೆ ಪ್ಲಾಸ್ಟಿಕ್ ಗಟ್ಟ ಹೊಡೆದು ನಾಲ್ಕು ಸ್ಕ್ರೂ ಹಾಕಿದರೆ ಇದನ್ನು ತಡೆಯಲಾಗದು. ಕಾಂಕ್ರೀಟಿನೊಳಗೆ ಕೂರುವ ಆ್ಯಂಕರ್ ಬೋಲ್ಟು ಬೇಕು. ಬೆಸುಗೆ ಹಾಕಿದಲ್ಲಿ ಸತುವಿನ ಲೇಪ ಸುಟ್ಟುಹೋಗಿರುವುದರಿಂದ ಅಲ್ಲಿ ಮತ್ತೆ ಸತುವಿನ ಬಣ್ಣ ಬಳಿಯಬೇಕು. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರಿನಲ್ಲಿ ಬಿರುಗಾಳಿಗೆ ದೈತ್ಯ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಕುಸಿದು 17 ಜನ ಪ್ರಾಣ ಕಳೆದುಕೊಂಡರು. ಅಂಗಡಿಯ ಬೋರ್ಡು ಅಷ್ಟು ದೊಡ್ಡದಲ್ಲ ನಿಜ, ಆದರೆ ಅದರ ಕೆಳಗೆ ನಡೆಯುವವರು ಮನುಷ್ಯರೇ.

ಅಕ್ಷರವೂ ಗುಣಮಟ್ಟವೇ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬೋರ್ಡಿನ ಯಂತ್ರ, ಸಾಮಗ್ರಿ, ಕೋಷ್ಟಕಗಳೆಲ್ಲ ಹೆಚ್ಚಾಗಿ ರೋಮನ್ ಅಕ್ಷರವನ್ನು ಮನಸ್ಸಿನಲ್ಲಿಟ್ಟು ಬಂದವು. ನಮ್ಮ ಅಕ್ಷರಗಳ ಸ್ವಭಾವವೇ ಬೇರೆ.

‘ಎಲೆಕ್ಟ್ರಿಕಲ್ಸ್’ ಎಂಬ ಪದವನ್ನು ತೆಗೆದುಕೊಳ್ಳಿ. ನಡುವಿನ ಒಂದು ಅಕ್ಷರಕ್ಕೆ ಗುಡಿಸು, ಕೆಳಗೆ ಎರಡು ಒತ್ತು. ಬೋರ್ಡಿನ ಎತ್ತರ ಒಂದು ಅಡಿಯಾದರೆ ಮುಖ್ಯ ಅಕ್ಷರಕ್ಕೆ ಸಿಗುವುದು ಅರ್ಧಕ್ಕೆ ಸ್ವಲ್ಪ ಹೆಚ್ಚು ಮಾತ್ರ. ಒತ್ತಿನ ಗೆರೆ ಎಷ್ಟು ಸಣ್ಣದಾಗುತ್ತದೆಂದರೆ ಅದರೊಳಗೆ ಎಲ್‌ಇಡಿ ಮಾಡ್ಯೂಲು ಹಿಡಿಸುವುದೇ ಇಲ್ಲ. ಆಗ ಕೆಲವರು ಒತ್ತಕ್ಷರವನ್ನು ದೀಪವಿಲ್ಲದೆ ಬಿಟ್ಟುಬಿಡುತ್ತಾರೆ. ಹಗಲು ಸರಿಯಾಗಿದ್ದ ಪದ ರಾತ್ರಿ ತಪ್ಪಾಗುತ್ತದೆ. ಒಂದು ಇಂಚು ಎತ್ತರದ ಅಕ್ಷರವನ್ನು ಹತ್ತು ಅಡಿ ದೂರದಿಂದ ಸುಲಭವಾಗಿ ಓದಬಹುದು ಎಂಬ ಸೂತ್ರವೂ ರೋಮನ್ ದೊಡ್ಡಕ್ಷರಕ್ಕೆ ಹೊಂದುವಂಥದ್ದು. ಕನ್ನಡಕ್ಕೆ ಒತ್ತು ಓದಿಸುವಷ್ಟು ಹೆಚ್ಚಿನ ಎತ್ತರ ಕೊಡಬೇಕು, ಗೆರೆ ದಪ್ಪವಿರುವ ಅಕ್ಷರಶೈಲಿ ಆರಿಸಬೇಕು.

ಅತಿಯಾದ ಬೆಳಕೂ ದೋಷವೇ. ಕತ್ತಲಲ್ಲಿ ಬಹಳ ಪ್ರಖರವಾದ ಅಕ್ಷರದ ಅಂಚು ಕಣ್ಣಿಗೆ ಹಬ್ಬಿದಂತೆ ಕಾಣುತ್ತದೆ, ಒಳಗಿನ ಸಣ್ಣ ಸೀಳುಗಳು ಮುಚ್ಚಿಹೋಗುತ್ತವೆ. ಕನ್ನಡದಲ್ಲಿ ದ-ಧ, ಡ-ಢ, ಬ-ಭ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟು. ಬೆಳಕು ಆ ಗೀಟನ್ನು ನುಂಗಿದರೆ ‘ಧನ’ ಹೋಗಿ ‘ದನ’ವಾಗುತ್ತದೆ! ರಸ್ತೆಯ ಆಚೆ ಬದಿಗೆ ಹೋಗಿ ರಾತ್ರಿ ಓದಿ ನೋಡಿದ ಮೇಲೆಯೇ ಬೆಳಕಿನ ಪ್ರಮಾಣ ನಿಗದಿ ಮಾಡಬೇಕು. ಎ.ಸಿ.ಪಿ. ಹಾಳೆಯನ್ನು ಅಕ್ಷರದಾಕಾರಕ್ಕೆ ಕತ್ತರಿಸುವಾಗ ‘ಠ’ದ ಒಳಚುಕ್ಕಿ, ಅನುಸ್ವಾರದ ಸೊನ್ನೆಯ ನಡುಭಾಗ ಉದುರಿಬೀಳುತ್ತವೆ. ಅವನ್ನು ಎತ್ತಿಟ್ಟುಕೊಂಡು ಹಿಂದಿನ ಅಕ್ರಿಲಿಕ್ಕಿಗೆ ಅಂಟಿಸಲು ಮರೆಯಬಾರದು.

ಉರ್ದುವಿನ ಕಷ್ಟ ಇನ್ನೊಂದು ಬಗೆಯದು. ನಸ್ತಲೀಖ್ ಬರವಣಿಗೆ ಬಲ ಮೇಲಿನಿಂದ ಎಡ ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ಎತ್ತರ ಬೇಕು. ಕಿರಿದಾದ ಪಟ್ಟಿಯಲ್ಲಿ ತುರುಕಿದರೆ ಅಕ್ಷರ ಇರುವೆಯಂತಾಗುತ್ತದೆ. ಅಂತಹ ಕಡೆ ನೇರ ಸಾಲಿನಲ್ಲಿ ನಿಲ್ಲುವ ನಸ್ಖ್ ಶೈಲಿ ಬಳಸುವುದು ಮೇಲು. ಬೇ, ಪೇ, ತೇ ಅಕ್ಷರಗಳ ದೇಹ ಒಂದೇ. ಕೆಳಗೆ ಒಂದು ಚುಕ್ಕಿಯಿದ್ದರೆ ಬೇ, ಕೆಳಗೆ ಮೂರಿದ್ದರೆ ಪೇ, ಮೇಲೆ ಎರಡಿದ್ದರೆ ತೇ. ಬಿಡಿ ಅಕ್ಷರದ ಬೋರ್ಡಿನಲ್ಲಿ ಪ್ರತಿಯೊಂದು ಚುಕ್ಕಿಯೂ ಬೇರೆ ಪೆಟ್ಟಿಗೆ, ಬೇರೆ ದೀಪ, ಬೇರೆ ತಂತಿ. ಒಂದು ಆರಿದರೆ ಪದವೇ ಬದಲು. ಚುಕ್ಕಿ ಮೇಲಿದ್ದರೆ ಖುದಾ, ಕೆಳಗಿದ್ದರೆ ಜುದಾ ಎಂದು ಉರ್ದು ತರಗತಿಯಲ್ಲಿ ಹೇಳುವ ಮಾತು ಬೋರ್ಡು ಮಾಡುವವರಿಗೂ ಪಾಠ.

ಕಂಪ್ಯೂಟರಿನಿಂದಲೂ ತಪ್ಪು ಬರುತ್ತದೆ. ಹಳೆಯ ಫಾಂಟಿನ ಕನ್ನಡವನ್ನು, ಇನ್‌ಪೇಜಿನ ಉರ್ದುವನ್ನು ಬೇರೆ ತಂತ್ರಾಂಶಕ್ಕೆ ಒಯ್ಯುವಾಗ ಒತ್ತುಗಳು ಬಿಡಿಯಾಗುತ್ತವೆ, ಅಕ್ಷರಗಳು ಕೂಡುವುದಿಲ್ಲ. ಕತ್ತರಿಸುವ ಯಂತ್ರಕ್ಕೆ ಓದು ಬಾರದು, ಕೊಟ್ಟದ್ದನ್ನು ಕತ್ತರಿಸುತ್ತದೆ. ಆದ್ದರಿಂದ ಯಂತ್ರಕ್ಕೆ ಕಳಿಸುವ ಕೊನೆಯ ನಕಲನ್ನು ಕಾಗದದ ಮೇಲೆ ಮುದ್ರಿಸಿ, ಭಾಷೆ ಬಲ್ಲವರಿಂದ ಓದಿಸಿ, ಸಹಿ ಹಾಕಿಸಿಕೊಂಡು ಕತ್ತರಿಸಬೇಕು.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಾಣಿಜ್ಯ ಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕು ಮತ್ತು ಕನ್ನಡ ಫಲಕದ ಮೇಲಿನ ಅರ್ಧಭಾಗದಲ್ಲಿ ಬರಬೇಕು. ಉಳಿದ ಜಾಗದಲ್ಲಿ ಉರ್ದು, ಇಂಗ್ಲಿಷ್ ಬರೆಯಲು ಅವಕಾಶವಿದೆ. ದಂಡದ ಭಯಕ್ಕೆ ಅವಸರದಲ್ಲಿ ತಪ್ಪು ಕನ್ನಡ ಹಾಕಿಸಿದರೆ ಭಾಷೆಗೂ ಗೌರವವಿಲ್ಲ, ಅಂಗಡಿಗೂ ಗೌರವವಿಲ್ಲ. ಫ್ಲೆಕ್ಸ್ ಬಂದಾಗ ಕೆಲಸ ಕಳೆದುಕೊಂಡ ಕುಂಚದ ಕಲಾವಿದರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಎರಡು ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕೆಂಬುದನ್ನು ಅವರ ಕಣ್ಣು ಬಲ್ಲದು. ಅವರನ್ನು ಕರೆದು ಕೂರಿಸಿಕೊಂಡು ಕಲಿಯಿರಿ.

ಜೀವಕ್ಕಿಂತ ಬೋರ್ಡು ದೊಡ್ಡದಲ್ಲ

ಕೆಲಸಕ್ಕೆ ಹೋಗುವ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. 12 ವೋಲ್ಟ್ ಕೊಲ್ಲುವುದಿಲ್ಲ ಎಂದು ಧೈರ್ಯ ಬೇಡ. ಸಪ್ಲೈವರೆಗೆ ಬರುವುದು 230 ವೋಲ್ಟ್. ಲೋಹದ ಪೆಟ್ಟಿಗೆಗೆ, ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯ. ಬೋರ್ಡಿಗೆ ಪ್ರತ್ಯೇಕ ಎಂ.ಸಿ.ಬಿ. ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಬೇಕು. ಸೋರಿಕೆಯಾದ ಕ್ಷಣ ಅದು ವಿದ್ಯುತ್ ಕಡಿದುಹಾಕುತ್ತದೆ. ತಂತಿಗೆ ಐ.ಎಸ್.ಐ. ಗುರುತು ನೋಡಿ.

ಅಂಗಡಿಯ ಮುಂದೆ 11 ಸಾವಿರ ವೋಲ್ಟಿನ ಲೈನು ಹಾದುಹೋಗಿದ್ದರೆ ನಿಯಮದ ಪ್ರಕಾರ ಅದಕ್ಕೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕು. ಅದು ಕಟ್ಟಡಕ್ಕೆ ಹೇಳಿದ ಅಂತರ. ಕೈಯಲ್ಲಿ ಉದ್ದನೆಯ ಕಬ್ಬಿಣದ ಪೈಪು ಹಿಡಿದು, ಅಲ್ಯೂಮಿನಿಯಂ ಏಣಿಯ ಮೇಲೆ ನಿಂತವನಿಗೆ ಅದು ಸಾಕಾಗುವುದಿಲ್ಲ. ಅಂತಹ ಜಾಗದಲ್ಲಿ ವಿದ್ಯುತ್ ಕಂಪನಿಗೆ ಹೇಳಿ ಲೈನು ಬಂದ್ ಮಾಡಿಸದೆ ಕೆಲಸ ಮುಟ್ಟಬೇಡಿ. ಮಳೆಯಲ್ಲಿ ಏರಬೇಡಿ. ಎತ್ತರದಲ್ಲಿ ಸೊಂಟಪಟ್ಟಿ ಕಟ್ಟದೆ ನಿಲ್ಲಬೇಡಿ. ‘ನಾಳೆ ಉದ್ಘಾಟನೆ, ಇವತ್ತು ರಾತ್ರಿಯೇ ಮುಗಿಸು’ ಎನ್ನುವ ಮಾಲೀಕನಿಗೆ ಇಲ್ಲ ಎನ್ನುವ ಧೈರ್ಯವೂ ಈ ಉದ್ಯೋಗದ ಕೌಶಲಗಳಲ್ಲಿ ಒಂದು.

ವ್ಯಾಪಾರಿ ಬಂಧುಗಳೆ, ನಿಮಗೂ ಒಂದು ಕೋರಿಕೆ. ಬೋರ್ಡಿನ ದರ ಕೇಳುವ ಮೊದಲು ಐದು ಪ್ರಶ್ನೆ ಕೇಳಿ. ಮಾಡ್ಯೂಲು ಎಷ್ಟು? ಸಪ್ಲೈ ಎಷ್ಟು ವ್ಯಾಟಿನದು, ಎಲ್ಲಿ ಇಡುತ್ತೀರಿ? ಚೌಕಟ್ಟನ್ನು ಯಾವುದಕ್ಕೆ, ಯಾವ ಬೋಲ್ಟಿನಿಂದ ಬಿಗಿಯುತ್ತೀರಿ? ಅರ್ಥಿಂಗ್, ಆರ್.ಸಿ.ಸಿ.ಬಿ. ಇದೆಯೇ? ಅಕ್ಷರ ಯಾರು ಓದಿ ನೋಡಿದ್ದಾರೆ? ಉತ್ತರಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಐದಕ್ಕೂ ನೇರ ಉತ್ತರ ಕೊಡುವವನ ದರ ಸ್ವಲ್ಪ ಹೆಚ್ಚಿದ್ದರೆ ಕೊಡಿ. ನೀವು ಜಗ್ಗಿದ ಹಣ ಆ ಹುಡುಗನ ಸೊಂಟಪಟ್ಟಿಯಿಂದಲೂ ನಿಮ್ಮದೇ ಬೋರ್ಡಿನ ಅರ್ಥಿಂಗ್ ತಂತಿಯಿಂದಲೂ ಕಡಿತವಾಗುತ್ತದೆ.

ವಿದ್ಯಾರ್ಥಿ ಮಿತ್ರರೆ, ಈ ಉದ್ಯೋಗಕ್ಕೆ ಗಣಿತ ಬೇಕು, ವಿಜ್ಞಾನ ಬೇಕು, ಭಾಷೆ ಬೇಕು, ಕೈಯ ಹದ ಬೇಕು. ಓದು ಹತ್ತದವರ ಕೆಲಸ ಎಂದು ಇದನ್ನು ಯಾರಾದರೂ ಹೇಳಿದರೆ ನಂಬಬೇಡಿ. ಓದಿದವರು ಬಂದಾಗಲೇ ಇದು ಸುಧಾರಿಸುವುದು. ಮುಚ್ಚಿದ ಪೆಟ್ಟಿಗೆಯೊಳಗಿನ ಕೆಲಸವನ್ನು ಯಾರೂ ನೋಡುವುದಿಲ್ಲ. ಅದನ್ನು ಸರಿಯಾಗಿ ಮಾಡುವುದೇ ಕುಶಲಕರ್ಮಿಯ ಮರ್ಯಾದೆ.